ಟೀಚರ್ ತಂದ ಟಿಕೆಟ್ಟು

ಟೀಚರ್ ಶ್ರದ್ಧಾಂಜಲಿ ಸಭೆಯ ಒಂದು ನಿಮಿಷದ ಮೌನ ಇನ್ನೂ ಮುಗಿದಿರಲಿಲ್ಲ. ಶಾಲೆಯ ಸಭಾಂಗಣದಲ್ಲಿ ತಲೆ ತಗ್ಗಿಸಿ ನಿಂತಿದ್ದ ಎಪ್ಪತ್ತು ಮಂದಿ ಹಳೆಯ ವಿದ್ಯಾರ್ಥಿಗಳಿಗೆ ಎಲ್ಲಿಂದಲೋ ನರಳಾಟ ಕೇಳಿಸಿತು. ಯಾರೋ ತಡೆಯಲಾರದೆ ಅಳುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. ಎರಡನೆಯ ಸಲ ಕೇಳಿಸಿದಾಗ ಟೀಚರ್ ಮಗಳು ವೇದಿಕೆಯಿಂದ ಇಳಿದು ಪಕ್ಕದ ಕೋಣೆಗೆ ಓಡಿದಳು. ಅಲ್ಲಿ, ಭೂಪಟಗಳನ್ನು ಸುತ್ತಿಡುವ ಬೀರುವಿನ ಕೆಳಗಿನ ಖಾನೆಯಲ್ಲಿ, ಟಿಕೆಟ್ಟು ಮರಿ ಹಾಕುತ್ತಿತ್ತು.

ಟಿಕೆಟ್ಟು ಅಂದರೆ ನಾಯಿ. ರಜೆ ಸಿಕ್ಕಿದ್ದೇ ತಡ ಗಂಡ, ಮಗಳನ್ನು ಹೊರಡಿಸಿಕೊಂಡು ಊರೂರು ಸುತ್ತುತ್ತಿದ್ದ ಟೀಚರ್ ಎಲ್ಲಿಂದಲೂ ಬರಿಗೈಯಲ್ಲಿ ಬಂದವರಲ್ಲ. ಒಮ್ಮೆ ಕುಂಟ ಬೆಕ್ಕನ್ನು ತಂದು ಲಗೇಜು ಎಂದು ಕರೆದರು; ಇನ್ನೊಮ್ಮೆ ರೆಕ್ಕೆ ಮುರಿದ ಗೂಬೆ ತಂದು ಸ್ಟೇಷನ್ ಮಾಸ್ಟರ್ ಎಂದು ಹೆಸರಿಟ್ಟರು. ಶಾಲೆ ತೆರೆದ ಮೊದಲ ದಿನ ಪಾಠವಿಲ್ಲ, ಬರೀ ಪ್ರಯಾಣದ ಕಥೆ. ನಿವೃತ್ತಿಯಾದ ಮೇಲೂ ತಿರುಗಾಟ ನಿಲ್ಲಲಿಲ್ಲ. ಈ ನಾಯಿಯನ್ನು ಬಸ್ಸಿನಲ್ಲಿ ಒಂಬತ್ತು ಗಂಟೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು. ಮೂರು ವಾರಕ್ಕೆ ಅವರೇ ಹೋಗಿಬಿಟ್ಟರು. ಅಂದಿನಿಂದ ಅದು ಮಗಳನ್ನು ಬಿಟ್ಟಿರುತ್ತಿರಲಿಲ್ಲ, ಸಭೆಗೂ ಕರೆತರಬೇಕಾಯಿತು. ಹೊಟ್ಟೆ ಉಬ್ಬಿದ್ದನ್ನು ನೋಡಿ, ತಿಂದು ದುಂಡಗಾಗಿದೆ ಎಂದುಕೊಂಡಿದ್ದಳು.

ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು ಪಶುವೈದ್ಯೆ, ಟೀಚರ್ ಮಗಳ ಸಹಪಾಠಿ. ಹಲ್ಲಿ ಕಂಡರೆ ಬೆಂಚು ಹತ್ತುತ್ತಿದ್ದ ಅವಳ ಮುಂಗೈ ಮೇಲೆ ಗೂಬೆಯನ್ನು ಕೂರಿಸಿ ಪುಕ್ಕಲುತನ ಬಿಡಿಸಿದವರು ಟೀಚರ್. ಅವಳು ಕಾರಿನಿಂದ ಚೀಲ ತಂದು, ಕೈ ತೊಳೆದು ನೆಲದ ಮೇಲೆ ಕೂತಳು. ಮೂರು ಮರಿಗಳು ಆಗಲೇ ಹುಟ್ಟಿದ್ದವು. ನಾಲ್ಕನೆಯದು ಹಿಂದುಮುಂದಾಗಿ ಬಂದು ಸಿಕ್ಕಿಕೊಂಡಿತ್ತು, ಬಾಲವೊಂದೇ ಕಾಣುತ್ತಿತ್ತು. ತಾಯಿ ಸೋತು ಕಣ್ಣು ಮುಚ್ಚಿಕೊಂಡಿತ್ತು.

"ಇದು ಉಳಿಯುತ್ತೇನೇ?" ಎಂದಳು ಮಗಳು. "ಅಮ್ಮ ಕೊನೇಗೆ ತಂದಿದ್ದು ಇದೊಂದೇ ಕಣೇ."

"ತಲೆ ಹಿಡ್ಕೋ. ಏನಾದ್ರೂ ಮಾತಾಡ್ತಾ ಇರು, ನಿಮ್ಮಮ್ಮ ಮಾತಾಡಿಸ್ತಿದ್ರಲ್ಲ, ಹಾಗೆ."

ಮಗಳಿಗೆ ಬೇರೇನೂ ತೋಚಲಿಲ್ಲ. ದೂರದ ಪ್ರಯಾಣಗಳಲ್ಲಿ ಅಮ್ಮ ತನ್ನನ್ನು ಸಮಾಧಾನ ಮಾಡುತ್ತಿದ್ದ ಮಾತನ್ನೇ ನಾಯಿಯ ಕಿವಿಯಲ್ಲಿ ಹೇಳತೊಡಗಿದಳು. "ಇನ್ನೇನು ಬಂದೇಬಿಡ್ತು ಕಂದ. ಈ ತಿರುವು ದಾಟಿದ್ರೆ ನಮ್ದೇ ಸ್ಟಾಪು."

ಅಷ್ಟರಲ್ಲಿ ಸಭೆಯೇ ಬಾಗಿಲಿಗೆ ಮುಗಿಬಿದ್ದಿತ್ತು. ತಾವೇ ಕಾವಲಿಗೆ ನಿಂತ ಹಳೆಯ ಹೆಡ್‌ಮಾಸ್ಟರು ಯಾರನ್ನೂ ಒಳಗೆ ಬಿಡಲಿಲ್ಲ. ಬದಲಿಗೆ, ಕೈಯಲ್ಲೇ ಉಳಿದಿದ್ದ ಮೈಕಿನಲ್ಲಿ, ಫಲಿತಾಂಶ ಓದುವ ಗತ್ತಿನಲ್ಲಿ ಒಂದೊಂದನ್ನೂ ತಿಳಿಸುತ್ತಿದ್ದರು: ಮೂರು ಕ್ಷೇಮ, ನಾಲ್ಕನೆಯದು ಕಷ್ಟದಲ್ಲಿದೆ, ದಯವಿಟ್ಟು ಗದ್ದಲ ಬೇಡ. ಯಾರೋ ಬಿಸಿನೀರು ತಂದರು. ಯಾರೋ ತೊಟ್ಟಿದ್ದ ಸ್ವೆಟರನ್ನೇ ಬಿಚ್ಚಿ ಒಳಗೆ ದಾಟಿಸಿದರು.

ನಾಯಿ ಮತ್ತೊಮ್ಮೆ ಮುಕ್ಕಿರಿಯಿತು. ವೈದ್ಯೆ ಅದೇ ಹೊತ್ತಿಗೆ ಹದವಾಗಿ ಎಳೆದಳು. ಮರಿ ಹೊರಬಂತು, ಆದರೆ ಉಸಿರಿರಲಿಲ್ಲ. ಅವಳು ಅದರ ಬಾಯಿ ಒರೆಸಿ, ಸ್ವೆಟರಿನಲ್ಲಿ ಸುತ್ತಿ ಉಜ್ಜತೊಡಗಿದಳು. ಒಂದು ನಿಮಿಷವಾಯಿತು, ಎರಡಾಯಿತು. ಮೈಕು ಸುಮ್ಮನಾಯಿತು. ಆ ದಿನದ ನಿಜವಾದ ಮೌನ ಅದೇ. ಎಪ್ಪತ್ತು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅವಳ ಕೈಯೊಳಗೆ ಏನೋ ಸಣ್ಣಗೆ ಸೀನಿತು, ಕುಂಯ್ ಎಂದಿತು. ಹೆಡ್‌ಮಾಸ್ಟರು ಬಾಗಿಲು ಬಿಟ್ಟು ಒಳಗೆ ಬಂದರು. ಅವರು ಬಗ್ಗಿ ಮೈಕನ್ನು ಮರಿಯ ಬಾಯಿಗೇ ಹಿಡಿದರು. ಹೆಸರುಬೇಳೆಯಷ್ಟು ಸಣ್ಣ ಆ ದನಿ ಸಭಾಂಗಣದ ನಾಲ್ಕೂ ಮೂಲೆಯಲ್ಲಿ ಮೊಳಗಿತು.

ಚಪ್ಪಾಳೆ, ಸಿಳ್ಳೆ ಅಡಗಲು ಬಹಳ ಹೊತ್ತು ಹಿಡಿಯಿತು. ಮಗಳು ನಾಲ್ಕು ಮರಿಗಳನ್ನೂ ತಾಯಿಯ ಮಡಿಲಿಗೆ ಸೇರಿಸಿ, ಮುಖ ಒರೆಸಿಕೊಂಡು ಬಾಗಿಲಿಗೆ ಬಂದಳು. ಮೊಲೆ ಬಿಟ್ಟ ಮೇಲೆ ಇವನ್ನು ಸಾಕುವವರು ಯಾರಾದರೂ ಇದ್ದೀರಾ ಎಂದು ಮೆಲ್ಲಗೆ ಕೇಳಿದಳು.

ನರೆತವರು, ಬೋಳಾದವರು, ಕನ್ನಡಕದವರು, ಎಲ್ಲರ ಕೈಯೂ ಒಟ್ಟಿಗೆ ಮೇಲೆದ್ದಿತು. ಹಿಂದೆ ಉಳಿದವರು ತಮ್ಮ ಕೈ ಕಾಣಿಸಲೆಂದು ಬೆಂಚಿನ ಮೇಲೆ ಹತ್ತಿ ನಿಂತಿದ್ದರು.