ರೇಣುಕಾಳ ಪಾಟಿ

ಹಾಜರಿ ಕೂಗಿದ ಮೇಲೆಯೇ ಹುಲಿಗೆಮ್ಮ ಬಿಸಿಯೂಟಕ್ಕೆ ತಲೆಗೊಂದು ಹಿಡಿ ಅಕ್ಕಿ ಅಳೆಯುವುದು. ಅಡುಗೆಕೋಣೆಯ ಕಿಟಕಿಗೆ ಕಿವಿಗೊಟ್ಟರೆ ಮಗಳ ದನಿ ಬರುತ್ತದೆ: "ಹಾಜರ್ರಿ ಸರ."

ರೇಣುಕಾ ಜ್ವರದಿಂದ ತೀರಿಕೊಂಡು ನಾಲ್ಕು ವರ್ಷ. ರಾಷ್ಟ್ರೀಯ ಯೋಜನೆಯಲ್ಲಿ ಪ್ರತಿ ಮಗುವಿಗೂ ಕೊಟ್ಟ ಮಾತಾಡುವ ಪಾಟಿ, ಮಗು ಬಾರದ ದಿನ ಅದರ ದನಿಯಲ್ಲೇ ಪಾಠ ಒಪ್ಪಿಸುತ್ತದೆ. ಸತ್ತವರ ಹೆಸರು ತೆಗೆಯಲು ಯೋಜನೆಯಲ್ಲಿ ದಾರಿಯೇ ಇರಲಿಲ್ಲ. ಹೀಗೆ ಪಾಟಿಯೇ ಮೂರನೇ ತರಗತಿಯಿಂದ ಏಳಕ್ಕೆ ಬಂದಿತ್ತು; ದನಿ ಮಾತ್ರ ಎಂಟು ವರ್ಷದ ಹುಡುಗಿಯದೇ.

ಇಂದು ಕೊನೆಯ ಪರೀಕ್ಷೆ. ಪಾಸಾದರೆ ಪಾಟಿ ದೂರದ ಹೈಸ್ಕೂಲಿಗೆ ಹೋಗುತ್ತದೆ.

"ಇಲ್ಲೇ ಇಟ್ಕೊಳ್ಳಾಕ ಬರಂಗಿಲ್ಲೇನ್ರಿ ಸರ?" ಎಂದು ಬೆಳಿಗ್ಗೆ ಪಾಟಿ ಒರೆಸುತ್ತ ಹುಲಿಗೆಮ್ಮ ಕೇಳಿದ್ದಳು.

"ನಪಾಸಾದ್ರ ಇಟ್ಕೋಬಹುದವ್ವ. ಆದ್ರ ಪಾಟಿಗೆ ತಪ್ಪು ಹೇಳೋದು ಗೊತ್ತಿಲ್ಲ" ಎಂದಿದ್ದರು ಹೆಡ್‌ಮಾಸ್ತರ ಬಸನಗೌಡರು.

ಈಗ ಕಿಟಕಿಯಾಚೆ ಅವರೇ ಕೇಳುತ್ತಿದ್ದರು: "ರೇಣುಕಾ, ಏಳೆಂಟ್ಲೆ ಎಷ್ಟು?"

ಒಲೆಯ ಮುಂದೆ ಕೂತು ರೇಣುಕಾ ತಾಯಿಗೇ ಕಲಿಸಿದ್ದ ಮಗ್ಗಿ ಅದು.

ಪಾಟಿ ಮೆಲ್ಲಗೆ, "ಗೊತ್ತಿಲ್ರಿ ಸರ" ಎಂದಿತು.

ಹತ್ತು ಪ್ರಶ್ನೆಗೂ ಅದೇ ಉತ್ತರ. ಕೊನೆಗೆ ಮಾಸ್ತರರು, "ರೇಣುಕಾ, ನಪಾಸು" ಎಂದು ಕೂಗಿ ಹೇಳಿದರು. ಹುಲಿಗೆಮ್ಮ, ಅಷ್ಟು ಹೊತ್ತೂ ಮುಷ್ಟಿಯಲ್ಲೇ ಹಿಡಿದಿದ್ದ ಮಗಳ ಪಾಲಿನ ಅಕ್ಕಿಯನ್ನು ಕುದಿಯುವ ಎಸರಿಗೆ ಬಿಟ್ಟಳು.