ಗಂಟಿನ ಕೆಳಗಿನ ಚಿಗುರು

ಕಸಿಗೆಂದು ಕಡ್ಡಿ ಕತ್ತರಿಸಲು ಬಗ್ಗಿದ ಕಸಿಯಪ್ಪನ ಕೈ ಅಲ್ಲೇ ನಿಂತಿತು. ಒಣಗಿದ ಮಾವಿನ ಬುಡದಿಂದ ಹೊಸ ಚಿಗುರು ಆಳೆತ್ತರಕ್ಕೆ ಬೆಳೆದಿತ್ತು, ನಿಜ. ಆದರೆ ಅದು ಹೊರಟಿದ್ದು ಕಸಿ ಕಟ್ಟಿದ ಗಂಟಿನ ಕೆಳಗಿನಿಂದ. ಗಂಟಿನ ಮೇಲಿದ್ದದ್ದು ಗೆಳೆಯ ಬೆಳೆಸಿದ ಮಾವಿನ ತಳಿ. ಕೆಳಗಿನದು ಬರೀ ಕಾಡುಗಿಡ; ಅದರಲ್ಲಿ ಆ ಹಣ್ಣು ಬಿಡದು.

“ಏನು ಕಸಿಯಪ್ಪಾ, ಚಾಕು ಮೊಂಡಾಯ್ತೋ, ಕಣ್ಣು ಮಂಜಾಯ್ತೋ?” ತೀರಿಹೋದ ಗೆಳೆಯನ ಹೆಂಡತಿ ಕೊಡ ಕೆಳಗಿಟ್ಟು ನಕ್ಕಳು. “ಅವರು ತೀರಿಕೊಂಡ ವರ್ಷವೇ ಮರ ಒಣಗಿಹೋಯ್ತು. ಎಲ್ಲರೂ ಕಡಿಸಿಬಿಡಿ ಅಂದ್ರು. ನಾನು ನೀರು ಹಾಕೋದು ನಿಲ್ಲಿಸಲಿಲ್ಲ. ನೋಡಿ, ಬಂದೇಬಿಟ್ರು.”

ಊರಿನ ಹಣ್ಣು ಬೆಳೆಗಾರರ ಸಂಘ ಶುರುವಾಗಿದ್ದು ಈ ಮರದ ನೆರಳಿನಲ್ಲೇ. ಸಂಘದವರು ಮನೆಮನೆಗೆ ಒಯ್ದು ಬೆಳೆಸಿದ ಇದರ ಕಸಿಗಳೆಲ್ಲ ರೋಗ ಬಂದು ಸತ್ತಿದ್ದವು. ತಳಿ ಉಳಿಸಲು ಕಸಿಯಪ್ಪ ಒಂದು ಕಡ್ಡಿಯಾದರೂ ತರುತ್ತಾನೆಂದು ಎಲ್ಲರೂ ಕಾದು ಕೂತಿದ್ದರು.

“ಅವರ ಹಣ್ಣೇ ಬಿಡುತ್ತೆ, ಅಲ್ವಾ?” ಎಂದಳು ಆಕೆ.

“ಬಿಡದೆ ಏನು, ಅತ್ತಿಗೆ” ಎಂದ ಕಸಿಯಪ್ಪ, ಕಾಡುಗಿಡದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತತೊಡಗಿದ.

“ಮೆಲ್ಲಗೆ” ಎಂದಳು ಆಕೆ. “ಅವರಿಗೆ ಉಸಿರು ಕಟ್ಟೀತು.”