ಸಾಹೇಬರಿಗಾಗಿ ಸ್ವಚ್ಛವಾದ ಹೊಲ

"ಅಯ್ಯ ಅತ್ತಿ, ಶೇಂಗಾ ಬಿಟ್ರ ಹೊಲದಾಗ ಒಂದ ಎಲಿನೂ ಇಲ್ಲಲ್ರಿ!" ತವರಿನಿಂದ ಆಗಷ್ಟೇ ಬಂದಿಳಿದ ವಾಣಿಶ್ರೀ ಬದುವಿನ ಮೇಲೆ ನಿಂತು ಬಾಯಿ ಬಡಿದುಕೊಂಡಳು.

"ಮೂರು ದಿನಾ ಬೆನ್ನ ಮುರಕೊಂಡು ಕಳೆ ತಗದೀನಿ," ಎಂದಳು ಗುರುಸಿದ್ದವ್ವ, ಹೆಮ್ಮೆಯಿಂದ. "ಸಾಹೇಬ್ರು ಬರ್ತಾರಂತ ಫೋನ್ ಬಂದ ಮ್ಯಾಲ ಹೊಲಾ ಹಂಗ ಬಿಡಾಕ ಬರತೈತೇನು? ಬೆಳ್ಳಟ್ಟಿ ಊರಾಗ ನಮ್ಮನ್ನ ಹೊಲಸು ಮಂದಿ ಅನಬೇಕೇನು?"

ಸಾಹೇಬರು ನೋಡಬೇಕಾಗಿದ್ದದ್ದು ಆ ಕಳೆಯನ್ನೇ. ನಾಟಿ ಸೊಪ್ಪು ಉಳಿಸುವ ಯೋಜನೆಗೆ ವಾಣಿಶ್ರೀ ಅರ್ಜಿ ಹಾಕಿದ್ದಳು: 'ನಮ್ಮ ಹೊಲದಲ್ಲಿ ಹನ್ನೊಂದು ಬಗೆಯ ಸೊಪ್ಪು ತಾನೇ ಬೆಳೆಯುತ್ತದೆ.' ಆಯ್ಕೆಯಾದರೆ ಹೊಲದ ಸುತ್ತ ತಂತಿ ಬೇಲಿ. ಹೋದ ವರ್ಷ ಅರ್ಧ ಶೇಂಗಾ ಜಿಂಕೆಗಳ ಪಾಲಾಗಿತ್ತು. ಈಗ ಹನ್ನೊಂದೂ ಬಗೆ ಎಮ್ಮೆಯ ಪಾಲಾಗಿರಬೇಕು.

ಅಷ್ಟರಲ್ಲಿ ಜೀಪು ಬಂತು. ಯೋಜನೆಯ ಮುಕುಂದ ಸಾಹೇಬರು ಕ್ಯಾಮೆರಾ ಹಿಡಿದು ಹೊಲದ ನಾಲ್ಕೂ ಮೂಲೆ ಸುತ್ತಿದರು. ಇಷ್ಟು ಸ್ವಚ್ಛವಾದ ಹೊಲವನ್ನು ಪಾಪ, ಅವರು ಎಲ್ಲಿಯೂ ಕಂಡಿರಲಿಲ್ಲ.

"ಎಲ್ಲಿ ಅದ ರೀ ಸೊಪ್ಪು?"

ವಾಣಿಶ್ರೀಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು. ಗುರುಸಿದ್ದವ್ವನಿಗೆ ಹಾಗೇನೂ ಅನ್ನಿಸಲಿಲ್ಲ. "ಬಿಸಲಾಗ ಬಂದೀರಿ, ಮೊದಲ ಒಂದ್ ತುತ್ತು ಉಣ್ರಿ," ಎಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಅಂಚಿಗೆ ಒಂದು ಹಿಡಿ ಹಸಿ ಸೊಪ್ಪಿನ ತಪ್ಪಲು.

ಸಾಹೇಬರು ಒಂದೊಂದೇ ಎಲೆ ಬಾಯಿಗೆ ಹಾಕಿಕೊಂಡರು. ಹಕ್ಕರಕಿ, ಗೋಳಿ, ರಾಜಗಿರಿ... ನಾಲ್ಕನೆಯದಕ್ಕೆ ಅವರ ಕಣ್ಣು ಅರಳಿತು. "ಕಿರಕಸಾಲಿ! ಇದನ್ನ ಹುಡುಕಿ ಶಿರಹಟ್ಟಿ ತಾಲೂಕೆಲ್ಲಾ ಅಡ್ಡಾಡೀನಿ. ಇದೆಲ್ಲಿತ್ತು ಅವ್ವಾ?"

"ಇಲ್ಲೇ, ಕಳ್ಯಾಗ. ತಿನ್ನೂದು ಆರಿಸಿ ಇಟಕೊಂಡು ಉಳದದ್ದು ಎಮ್ಮಿಗಿ ಹಾಕ್ತೀವಿ."

ಸಾಹೇಬರು ಲಗುಬಗೆಯಿಂದ ಕ್ಯಾಮೆರಾ ಎತ್ತಿದರು. ಗಂಗಾಳದಲ್ಲಿ ಚಟ್ನಿಯ ಗುರುತು ಬಿಟ್ಟರೆ ಏನೂ ಉಳಿದಿರಲಿಲ್ಲ. ಕೊನೆಯ ಎಲೆಯನ್ನು ಅವರೇ ಅಗಿಯುತ್ತಿದ್ದರು.

"ಬೇಲಿ...?" ಎಂದಳು ವಾಣಿಶ್ರೀ, ಅಳುವ ದನಿಯಲ್ಲಿ.

ಸಾಹೇಬರು ಫಾರ್ಮನ್ನು ತಿರುವಿ ನೋಡಿದರು. 'ಹೊಲದಲ್ಲಿ ಕಂಡದ್ದು' ಎಂದಿತ್ತು. 'ಹೊಟ್ಟೆಗೆ ಹೋದದ್ದು' ಎಂಬ ಕಾಲಮು ಇರಲಿಲ್ಲ. "ಇನ್ನೊಮ್ಮೆ ಬಂದು ನೋಡ್ತೀನಿ ತಂಗಿ. ಖರೇನ ಬರ್ತೀನಿ."

"ಬರ್ರಿ," ಎಂದಳು ಗುರುಸಿದ್ದವ್ವ, ಕೈಗೆ ನೀರು ಹಾಕುತ್ತ. "ಒಂದ್ ಮಳಿ ಬಿದ್ರ ಎಲ್ಲಾ ಮತ್ತ ಹುಟ್ಟತಾವ. ಆದ್ರ ಸಾಹೇಬ್ರ, ಬರೂದು ಮಾತ್ರ ಮೊದಲ ಹೇಳಬ್ಯಾಡ್ರಿ."